ಮೀನೆಣ್ಣೆ ಹಚ್ಚಿದ ಕಾಲ್ಕಟ್ಟು

ನಮ್ಮ ಬೆಳಂಬಾರದಲ್ಲಿ ಆಗ ಚಪ್ಪಲಿ ಮೆಟ್ಟುವವರು ಮೂರೇ ಜನ: ಶಾನಭೋಗರು, ಶಾಲೆಯ ಮಾಸ್ತರರು, ಮತ್ತೆ ಕಾರವಾರದಲ್ಲಿ ಮೆಟ್ರಿಕ್ ನಪಾಸಾಗಿ ಊರಿಗೆ ಬಂದು ಬಿದ್ದ ನಾನು. ಶಾನಭೋಗರ ಚಪ್ಪಲಿ ಅವರಿಗಿಂತ ಮೊದಲೇ ಬಂದು ಕೆಮ್ಮುತ್ತಿತ್ತು. ಮಾಸ್ತರರದ್ದು ಮಗ್ಗಿ ಹೇಳುತ್ತಿತ್ತು. ನನ್ನದು ‘ನಪಾಸು, ನಪಾಸು’ ಎಂದು ಕೇರಿಯ ತುಂಬ ಡಂಗುರ ಹೊಡೆಯುತ್ತಿತ್ತು. ಉಳಿದ ಊರೆಲ್ಲ ಬರಿಗಾಲು. ಆದರೆ ಆ ಬರಿಗಾಲಿನವರೇ ಗಾಳದ ಕೋಲು ಹೆಗಲಿಗಿಟ್ಟು ಕಡಲಿನ ಕಲ್ಲಿಗೆ ಹೊರಟರೆಂದರೆ ಅವರ ಸೊಂಟದಲ್ಲಿ ಒಂದು ಜೊತೆ ಕಾಲ್ಕಟ್ಟು ತೂಗುತ್ತಿರುತ್ತಿತ್ತು.

ಕಾಲ್ಕಟ್ಟನ್ನು ಚಪ್ಪಲಿ ಅನ್ನಬಾರದು. ನಾನು ಒಮ್ಮೆ ಹಾಗಂದು ಮಾವನಿಂದ ಬೈಸಿಕೊಂಡಿದ್ದೇನೆ. ಕಡಲಿಗೆ ಯಾರೂ ಚಪ್ಪಲಿ ಮೆಟ್ಟಿ ಇಳಿಯುವುದಿಲ್ಲ. ಅದು ತಾಯಿಯ ಮಡಿಲಿಗೆ ಜೋಡು ಹಾಕಿಕೊಂಡು ಹತ್ತಿದ ಹಾಗೆ. ಆದ್ದರಿಂದ ಕಾಲ್ಕಟ್ಟಿನಲ್ಲಿ ತೊಗಲು ಇರಬಾರದು, ಮೊಳೆ ಇರಬಾರದು. ಬರೀ ತೆಂಗಿನ ನಾರು. ಕತ್ತದ ಹುರಿಯನ್ನು ಪಾದದ ಉದ್ದಕ್ಕೆ ನಾಲ್ಕು ಸಾಲು ಎಳೆದು, ಅಡ್ಡಡ್ಡ ಹೆಣೆದು, ಅಡಿಗೆ ಬರುವ ಕಡೆ ಸಾಲುಸಾಲಾಗಿ ಗಂಟು ಹಾಕಬೇಕು. ಹಿಮ್ಮಡಿ ಕೂರಲಿಕ್ಕೆ ಒಂದು ಕುಣಿಕೆ, ಕಣಕಾಲಿಗೆ ಸುತ್ತಲಿಕ್ಕೆ ಎರಡು ಉದ್ದ ಬಾಲ. ನೋಡಿದರೆ ಯಾರೋ ಅರ್ಧ ಹೆಣೆದು ಬೇಸರ ಬಂದು ಬಿಟ್ಟ ಬುಟ್ಟಿಯ ಹಾಗೆ ಕಾಣುತ್ತದೆ. ಆದರೆ ಮಳೆಗಾಲ ಮುಗಿದ ಹೊಸತರಲ್ಲಿ ಕಲ್ಲಿನ ಮೇಲೆ ಹಸಿರು ಹಾವಸೆ ದಪ್ಪಗೆ ಕೂತು, ಏಡಿ ಕೂಡ ಯೋಚಿಸಿ ಕಾಲಿಡುವಾಗ, ಮನುಷ್ಯನನ್ನು ಕಲ್ಲಿನ ಮೇಲೆ ನಿಲ್ಲಿಸುವುದು ಇದೊಂದೇ.

ಮಾವ ಎಂದರೆ ನನ್ನ ಅವ್ವನ ಅಣ್ಣ. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ, ಬೇಲಿಯಲ್ಲಿ ಒಂದು ಕಂಡಿ. ನಾಲ್ಕು ಗದ್ದೆ ಇದ್ದವು, ಆದರೆ ಅವನ ಮನಸ್ಸು ಇದ್ದದ್ದು ಕಲ್ಲಿನ ಮೇಲೆ. ನಮ್ಮ ಕಲ್ಲಿನ ಮೇಲೆ ಪ್ರತಿಯೊಬ್ಬ ಗಾಳದವನಿಗೂ ಒಂದು ನಿಲುವು ಉಂಟು. ನಿಲುವು ಎಂದರೆ ಅವನು ನಿಂತು ಗಾಳ ಎಸೆಯುವ ಜಾಗ. ಅದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮರೆತೂ ಇಲ್ಲ. ಅವನು ಜ್ವರ ಬಂದು ಮಲಗಿದರೂ ಆ ಜಾಗದಲ್ಲಿ ಇನ್ನೊಬ್ಬ ನಿಲ್ಲುವುದಿಲ್ಲ. ಮಾವನದ್ದು ಎಲ್ಲರಿಗಿಂತ ಹೊರಗಿನದು, ತೆರೆ ಒಡೆಯುವ ಬಾಯಿಯಲ್ಲಿ, ಗೋಬ್ರಾ ಮೀನು ಅಡಗುವ ಪೊಟರೆಯ ಮೇಲೆ. ಅದು ಅವನಿಗೆ ಅವನ ಅಪ್ಪನಿಂದ ಬಂದದ್ದು.

ನಾನು ನಪಾಸಾಗಿ ಬಂದ ಮೇಲೆ ಮಾವ ನನಗೆ ಉಪದೇಶ ಮಾಡಲಿಲ್ಲ. ಒಂದು ಸಿಂಬಿ ಹುರಿ ತಂದು ಮುಂದೆ ಹಾಕಿ, ಇನ್ನು ಮೇಲೆ ತನ್ನ ಕಾಲ್ಕಟ್ಟಿನ ಕೆಲಸ ನನ್ನದು ಎಂದ. ಊರಿನಲ್ಲಿ ನನಗೆ ಆಗ ಇದ್ದ ಹೆಸರು ಬೇರೆ ತರಹದ್ದು. ಯಾರ ದನಿ ಬೇಕಾದರೂ ತೆಗೆಯುತ್ತಿದ್ದೆ, ಯಾರ ನಡಿಗೆ ಬೇಕಾದರೂ ನಡೆಯುತ್ತಿದ್ದೆ. ಉಪ್ಪಿನ ಚಳವಳಿಯ ಗಲಾಟೆ ತಣ್ಣಗಾಗಿದ್ದ ಆ ದಿನಗಳಲ್ಲಿ ಮಾಮಲೇದಾರ ಕಚೇರಿಯ ಜವಾನನ ವೇಷ ಹಾಕಿ, ಬಾಳೆಲೆಯ ಮೇಲೆ ಸಮನ್ಸು ಬರೆದು ತಂದು, ಅತ್ತೆಯನ್ನು ಒಂದು ಗಳಿಗೆ ನಡುಗಿಸಿದ್ದೆ. ಅತ್ತೆ ಆಮೇಲೆ ಸೌದೆ ಹಿಡಿದು ಅಟ್ಟಿಸಿಕೊಂಡು ಬಂದಳು. ಓಡುತ್ತಲೇ ನಾನು ಅವಳ ಓಟವನ್ನೂ ಓಡಿ ತೋರಿಸಿದೆ. ಇಂಥವನ ಕೈಗೆ ಮಾವ ತನ್ನ ಕಾಲನ್ನು ಕೊಟ್ಟಿದ್ದ.

ಕೆಲಸ ಸಣ್ಣದಲ್ಲ. ಹೊಸ ಕಾಲ್ಕಟ್ಟು ಕಲ್ಲನ್ನು ಹಿಡಿಯುವುದಿಲ್ಲ; ಅದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಕೊರಡಿನಿಂದ ಬಡಿದು ಗಂಟಿನ ನಾರು ಕುಂಚದ ಹಾಗೆ ಬಿಚ್ಚಿಕೊಳ್ಳುವಂತೆ ಮಾಡಬೇಕು. ಆ ಕುಂಚವೇ ಹಾವಸೆಯನ್ನು ತೂರಿ ಕಲ್ಲನ್ನು ಮುಟ್ಟುವುದು. ಕಲ್ಲಿನಿಂದ ಬಂದ ಮೇಲೆ ಬಾವಿಯ ನೀರಲ್ಲಿ ತೊಳೆದು, ಎಳೆಗಳ ನಡುವೆ ಸಿಕ್ಕ ಚಿಪ್ಪಿನ ಚೂರನ್ನು ಬಿದಿರ ಕಡ್ಡಿಯಿಂದ ತೆಗೆದು, ನೆರಳಲ್ಲಿ ತೂಗಬೇಕು. ಬಿಸಿಲಿಗೆ ಹಾಕಿದರೆ ನಾರು ಮುರಿಯುತ್ತದೆ. ಕಟ್ಟುವ ಮೊದಲು ಉಪ್ಪುನೀರಲ್ಲಿ ನೆನೆಸಲೇಬೇಕು. ಒಣ ಹುರಿ ಕಟ್ಟಿಕೊಂಡು ಹೋದರೆ ಆಮೇಲೆ ನೀರು ಕುಡಿದು ಉಬ್ಬಿ ಕಾಲನ್ನು ಕಚ್ಚುತ್ತದೆ. ಇಷ್ಟೆಲ್ಲ ಮಾಡಿದರೂ ಒಂದು ಜೊತೆ ಹದಿನೈದು ದಿನ ಬಂದರೆ ಹೆಚ್ಚು. ಆಮೇಲೆ ಮತ್ತೆ ಹುರಿ, ಮತ್ತೆ ಗಂಟು. ಪೆನ್ನು ಹಿಡಿದು ಮೆತ್ತಗಾಗಿದ್ದ ನನ್ನ ಬೆರಳು ಎರಡೇ ತಿಂಗಳಿಗೆ ಸಿಪ್ಪೆ ಎದ್ದವು. ಹೀಗೆ ಎಷ್ಟು ದಿನ, ಬಾಳಿಕೆ ಬರುವ ಹಾಗೆ ಏನಾದರೂ ಮಾಡಬಾರದೆ ಎಂದು ನಾನು ಮಾವನನ್ನು ಕೇಳಿದೆ. ಅವನು ಗಾಳಕ್ಕೆ ದಾರ ಕಟ್ಟುತ್ತಿದ್ದವನು ತಲೆ ಎತ್ತಲಿಲ್ಲ.

“ಸವೆಯೂದೇ ಅದ್ರ ಕೆಲಸ ತಮಾ. ಅದು ಸವೀಲಿಲ್ಲ ಅಂದ್ರೆ ನೀ ಸವೀತೆ.”

ಈ ಮಾತನ್ನು ನಾನು ಅವತ್ತೇ ಸಂಜೆ ಕೇರಿಯಲ್ಲಿ ಮಾವನ ದನಿಯಲ್ಲಿ ಹೇಳಿ ನಗಿಸಿದೆ. ದನಿ ಪಕ್ಕಾ ಬಂತು. ಮಾತು ಮಾತ್ರ ತಲೆಯೊಳಗೆ ಹೋಗಲಿಲ್ಲ.

ನವರಾತ್ರಿ ಮುಗಿದ ವಾರ ನಾನು ಬೇಲೆಕೇರಿಗೆ ಹೋಗಿದ್ದೆ. ಅಲ್ಲಿ ದಂಡೆಯ ಮೇಲೆ ದೋಣಿಗಳನ್ನು ಮಗುಚಿ ಹಾಕಿ ಮೈಗೆ ಮೀನೆಣ್ಣೆ ಹಚ್ಚುತ್ತಿದ್ದರು. ಎಣ್ಣೆ ಕುಡಿದ ಹಲಗೆ ಉಪ್ಪಿಗೆ ಜಗ್ಗುವುದಿಲ್ಲ, ಹುಳ ಹಿಡಿಯುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ದೋಣಿಗೆ ಒಳ್ಳೆಯದಾದದ್ದು ಕಾಲಿಗೇಕೆ ಆಗಬಾರದು? ಮೆಟ್ರಿಕ್ ನಪಾಸಾದವನಿಗೆ ಇಂಥ ಪ್ರಶ್ನೆಗಳು ಬಹಳ ಬೇಗ ಹೊಳೆಯುತ್ತವೆ. ಒಂದು ಕರಟ ಎಣ್ಣೆ ಬೇಡಿ ತಂದೆ. ಮಾವ ಆಗ ಮಂಜಗುಣಿಯಲ್ಲಿ ಮಗಳ ಮನೆಯಲ್ಲಿದ್ದ. ಅವನು ಬರುವುದರೊಳಗೆ ಎರಡು ಜೊತೆ ಹೊಸ ಕಾಲ್ಕಟ್ಟು ಹೆಣೆದು, ಬಡಿದು, ಕುಂಚ ಬಿಡಿಸಿ, ಒಂದರ ಮೇಲೊಂದು ಮೂರು ಸಲ ಎಣ್ಣೆ ಹಚ್ಚಿದೆ. ನಾರು ಕಪ್ಪಗೆ ಮಿಂಚಿ, ಎಳೆಗಳೆಲ್ಲ ಒಂದಕ್ಕೊಂದು ಅಂಟಿ, ಹದವಾದ ಹಲಗೆಯ ಹಾಗೆ ಗಟ್ಟಿಯಾಯಿತು. ಇನ್ನು ಮಾರ್ಗಶಿರದವರೆಗೆ ಹುರಿ ಮುಟ್ಟಬೇಕಾಗಿಲ್ಲ ಎಂದುಕೊಂಡೆ. ಒಂದು ಜೊತೆಯನ್ನು ಮಾವನ ಜಗಲಿಯ ಗೂಟಕ್ಕೆ ತೂಗಿದೆ, ಇನ್ನೊಂದನ್ನು ನಮ್ಮ ಅಟ್ಟದಲ್ಲಿಟ್ಟೆ. ವಾಸನೆ ಬಂದು ಮಾವನಿಗೆ ಗೊತ್ತಾಗಬಹುದಿತ್ತು. ಆದರೆ ಆ ತಿಂಗಳು ಇಡೀ ಕರಾವಳಿಯೇ ಮೀನೆಣ್ಣೆ ನಾರುತ್ತಿತ್ತು; ಅತ್ತೆಯ ಸೆರಗು ಕೂಡ.

ಮಾವ ಮಂಜಗುಣಿಯಿಂದ ಬಂದ ಮರುದಿನ ನಸುಕಿನ ಕತ್ತಲಲ್ಲೇ, ಇಳಿತ ನೋಡಿಕೊಂಡು, ಗೂಟದ ಮೇಲಿದ್ದ ಜೊತೆಯನ್ನು ತೆಗೆದುಕೊಂಡು ಕಲ್ಲಿಗೆ ಹೋದ. ನಾನು ಮಲಗಿದ್ದೆ. ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ನಾಲ್ಕು ಜನ ಅವನನ್ನು ಕಂಬಳಿಯಲ್ಲಿ ಹೊತ್ತು ತಂದರು. ಅವನ ಪಕ್ಕದ ನಿಲುವಿನವನು, ನಾವೆಲ್ಲ ಅಣ್ಣ ಅಂತ ಕರೆಯುವವನು, ನಡೆದದ್ದನ್ನು ಹೇಳಿದ. ಮಾವ ತನ್ನ ನಿಲುವಿಗೆ ಇನ್ನು ಎರಡು ಹೆಜ್ಜೆ ಇರುವಾಗ ಬಿದ್ದ. ಬಲಗಾಲು ಎರಡು ಕಲ್ಲಿನ ಸಂದಿಗೆ ಸಿಕ್ಕಿ ಕಣಕಾಲಿನ ಎಲುಬು ಮುರಿಯಿತು. ಎಳೆದು ತೆಗೆಯುವಾಗ ಒಂದು ಕಾಲ್ಕಟ್ಟು ಕಡಲು ಪಾಲಾಯಿತು. ಊದಿದ ಕಾಲಿನದ್ದನ್ನು ಅಣ್ಣನೇ ಕತ್ತಿಯಿಂದ ಕೊಯ್ದು ಬಿಸಾಡಿದ. ಅದನ್ನು ಯಾರೂ ನೋಡಲಿಲ್ಲ, ಮೂಸಲಿಲ್ಲ. ನಾನೊಬ್ಬ ಬೇಲಿಯ ಕಂಡಿಯಲ್ಲಿ ನಿಂತುಕೊಂಡು ಎಲ್ಲ ಕೇಳಿದೆ. ಆ ಹೊತ್ತಿನಲ್ಲಿ ನನ್ನ ಬಾಯಿಂದ ಯಾರ ದನಿಯೂ ಬರಲಿಲ್ಲ, ನನ್ನದೂ ಬರಲಿಲ್ಲ.

ಎಲುಬು ಕೂರಿಸುವ ನಾಟಿ ವೈದ್ಯ ಬಂದು, ಉದ್ದಿನ ಹಿಟ್ಟು, ಕೋಳಿಮೊಟ್ಟೆ ಕಲಸಿ ಮೆತ್ತಿ, ಬಿದಿರ ಸೀಳಿಟ್ಟು ಕಟ್ಟಿದ. ನಲವತ್ತು ದಿನ ಅಲುಗಬಾರದು ಎಂದ. ಮಾವ ಅಲುಗಲಿಲ್ಲ, ನರಳಲೂ ಇಲ್ಲ. ಅವನು ಯೋಚನೆ ಮಾಡುತ್ತಿದ್ದ, ಅದೇ ನನಗೆ ಹೆದರಿಕೆ. ಅವನು ಹಾವಸೆಯನ್ನು ಬೈಯಲಿಲ್ಲ, ಕಾಲ್ಕಟ್ಟನ್ನು ಬೈಯಲಿಲ್ಲ. ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: ಕಲ್ಲಿನ ಮೇಲೆ ಜಾರುವ ಮೊದಲು ಕಾಲು ಒಂದು ಮಾತು ಹೇಳುತ್ತದೆ, ಚೂರು ಸರಿದು ಎಚ್ಚರಿಸುತ್ತದೆ, ಅಷ್ಟರಲ್ಲಿ ಮನುಷ್ಯ ಸುಧಾರಿಸಿಕೊಳ್ಳುತ್ತಾನೆ. ಅವತ್ತು ತನ್ನ ಕಾಲು ಏನೂ ಹೇಳಲಿಲ್ಲ.

“ಕಲ್ಲು ಅಲ್ಲೇ ಅದೆ. ನನ್ನ ಕಾಲು ಸುಳ್ಳಾಯ್ತು,” ಎನ್ನುತ್ತಿದ್ದ.

ಕಟ್ಟು ಬಿಚ್ಚಿದ ದಿನ ಅವನು ಕೋಲು ಹಿಡಿದು ಜಗಲಿಯ ಉದ್ದಕ್ಕೆ ನಡೆದ. ಪಾದ ಸ್ವಲ್ಪ ಹೊರಗೆ ತಿರುಗಿ ಕೂಡಿಕೊಂಡಿತ್ತು. ಹೊರ ಅಂಚಿನ ಮೇಲೆ ಭಾರ ಬಿಟ್ಟು, ಒಂದು ಕ್ಷಣ ನಿಂತು, ಆಮೇಲೆ ಇನ್ನೊಂದು ಕಾಲು. ನಡೆದು ಬಂದು ಕೂತು ಅತ್ತೆಗೆ ಹೇಳಿದ, ಬರುವ ಹುಣ್ಣಿಮೆಗೆ ಕಾಯಿ ಎಸೆಯುತ್ತೇನೆ ಎಂದು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನಮ್ಮ ಕಲ್ಲಿನ ಪದ್ಧತಿ ಹಾಗೆ. ಕಾಲು ಸುಳ್ಳಾದವನು ತನ್ನ ನಿಲುವಿನಿಂದ ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿಯನ್ನು ಕಡಲಿಗೆ ಎಸೆಯುತ್ತಾನೆ. ತಾನು ಹೋಗಲಾರದಿದ್ದರೆ ದಂಡೆಯಲ್ಲಿ ನಿಂತು, ನಿಲುವು ಪಡೆಯುವವನ ಕೈಯಲ್ಲಿ ಎಸೆಯಿಸುತ್ತಾನೆ. ಅಲ್ಲಿಗೆ ಆ ಜಾಗ ಇನ್ನೊಬ್ಬನದು. ಎಸೆದ ಕಾಯಿಯನ್ನು ಕಡಲು ಮತ್ತೆ ದಂಡೆಗೆ ತಂದು ಹಾಕಬಹುದು, ನಿಲುವು ಮಾತ್ರ ತಿರುಗಿ ಬರುವುದಿಲ್ಲ. ಮಾವನಿಗೆ ಗಂಡುಮಕ್ಕಳಿರಲಿಲ್ಲ. ಅವನು ಬೇಲಿಯ ಕಡೆ ನೋಡಿ ನನ್ನನ್ನು ಕರೆದ. ಆ ನಿಲುವು ಇನ್ನು ನನ್ನದು ಎಂದ.

ಅವನ ಕಾಲು ಮುರಿದವನಿಗೇ ಅವನ ಜಾಗ. ನಾನು ಯಾರನ್ನೆಲ್ಲ ಗೇಲಿ ಮಾಡಿದ್ದೇನೆ, ಆದರೆ ಯಾರಿಗೂ ಇಷ್ಟು ದೊಡ್ಡ ಗೇಲಿ ಮಾಡಿಲ್ಲ.

ಅವತ್ತೇ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗಿ ಅವನ ಮುಂದೆ ಕೂತೆ. ನೆಲ ನೋಡಿಕೊಂಡು ಹೇಳಿದೆ: “ಮಾವಾ, ಕಾಲ್ಕಟ್ಟಿಗೆ ಮೀನೆಣ್ಣೆ ಹಚ್ಚಿದ್ದೆ ನಾನು. ನೀ ಬಿದ್ದದ್ದು ಅದ್ರಿಂದ. ನಿನ್ನ ಕಾಲಿಂದ ಅಲ್ಲ.”

ಅತ್ತೆ ಒಳಗಿನಿಂದ ಕೇಳಿದಳು, “ಇದು ಯಾರ ದನಿಯೋ ತಮಾ? ಎಲ್ಲೂ ಕೇಳಿದ ಹಂಗಿಲ್ಲ.”

ನನ್ನದೇ ದನಿ. ಹುಟ್ಟಿದಾಗಿನಿಂದ ಊರಿನವರ ದನಿಗಳನ್ನೆಲ್ಲ ಬಾಯಲ್ಲಿಟ್ಟುಕೊಂಡು ತಿರುಗಿದವನು, ನನ್ನದನ್ನು ಯಾರಿಗೂ ಕೇಳಿಸಿಯೇ ಇರಲಿಲ್ಲ. ಮಾವ ನನ್ನ ಬೆನ್ನ ಮೇಲೆ ಕೈಯಿಟ್ಟ.

“ಒಳ್ಳೇ ಕತೆ ಕಟ್ದೆ. ಆದ್ರೆ ಕಾಲು ನಂದು ತಮಾ, ನಂಗೆ ಗುತ್ತದೆ.”

ಮರುದಿನ ಅಟ್ಟದಿಂದ ಇನ್ನೊಂದು ಜೊತೆ ಇಳಿಸಿ ತೆಗೆದುಕೊಂಡು ಹೋದೆ. ಅತ್ತೆ ಮೂಸಿ ನೋಡಿ, ಕತೆಗೆ ಸರಿಯಾಗಲಿ ಅಂತ ನಿನ್ನೆ ರಾತ್ರಿ ಹಚ್ಚಿ ತಂದಿದ್ದಾನೆ ಎಂದಳು. ಬಾಳೆಲೆಯ ಸಮನ್ಸನ್ನು ನೆನಪಿಸಿದಳು. ಮಾವ ಅದನ್ನು ಕೈಯಲ್ಲೂ ಹಿಡಿಯಲಿಲ್ಲ. ಮುದುಕನಿಗೆ ನೋವಾಗಬಾರದೆಂದು ಹುಡುಗ ತಪ್ಪನ್ನು ತನ್ನ ತಲೆಗೆ ಎಳೆದುಕೊಳ್ಳುತ್ತಿದ್ದಾನೆ, ಅಷ್ಟಾದರೂ ಬುದ್ಧಿ ಬಂತಲ್ಲ ಎಂದು ಅತ್ತೆಯ ಹತ್ತಿರ ಹೇಳಿದನಂತೆ. ಬೈಸಿಕೊಳ್ಳಲು ಹೋದವನು ಹೊಗಳಿಸಿಕೊಂಡು ಬಂದೆ. ಹುಣ್ಣಿಮೆಗೆ ಐದು ದಿನ ಉಳಿದಿತ್ತು.

ಹುಣ್ಣಿಮೆಯ ಬೆಳಿಗ್ಗೆ ನೀರು ಬಹಳ ಹಿಂದೆ ಸರಿದಿತ್ತು. ಮಾವ ಕೋಲೂರಿಕೊಂಡು ಬಂದ, ಅತ್ತೆ ಕಾಯಿ ಹಿಡಿದುಕೊಂಡು ಬಂದಳು. ಅಣ್ಣ, ಮತ್ತೆ ಕಲ್ಲಿನ ಮೇಲಿನ ಆರೇಳು ಜನ ತಮ್ಮ ಗಾಳ ಬದಿಗಿಟ್ಟು ದಂಡೆಯಲ್ಲಿ ಸಾಲಾಗಿ ನಿಂತರು. ಮಾವ ಕಲ್ಲಿನ ಬುಡದವರೆಗೆ ಬಂದು ನಿಂತು, ತನ್ನ ಜಾಗವನ್ನು ಒಂದು ಸಲ ನೋಡಿದ. ತೆರೆ ಅದರ ಮೇಲೆ ಬಂದು ಹರಿದು ಹೋಗುತ್ತಿತ್ತು. ಬೇರೆ ಕಡೆ ಹಾವಸೆ ಒಣಗುತ್ತ ಬಂದಿದ್ದರೂ ಅಲ್ಲಿ ಹಸಿರು ಹಾಗೇ ಇತ್ತು. ಅವನು ಅತ್ತೆಯ ಕೈಯಿಂದ ಕಾಯಿ ತೆಗೆದುಕೊಂಡು ನನ್ನ ಕೈಗೆ ಕೊಟ್ಟ. ಹೋಗಿ ನಿಂತು ಎಸೆ ಎಂದ.

ನಾನು ಕಾಯಿಯನ್ನು ಮರಳಿನ ಮೇಲಿಟ್ಟು, ಸೊಂಟದಲ್ಲಿದ್ದ ಎಣ್ಣೆಯ ಕಾಲ್ಕಟ್ಟು ಬಿಚ್ಚಿ, ಉಪ್ಪುನೀರಲ್ಲಿ ಅದ್ದಿದೆ. ಅದು ನೀರು ಕುಡಿಯಲಿಲ್ಲ. ಕಟ್ಟಿಕೊಂಡೆ. ಒಂದು ಗಂಟು ಎರಡು ಸಲ ತಪ್ಪಿತು. ನಾನು ಧೈರ್ಯದವನಲ್ಲ; ಶಾನಭೋಗರ ನಾಯಿಗೂ ದಾರಿ ಬಿಡುವವನು. ಕಾಯಿ ಬಿಟ್ಟು ಬರಿಗೈಯಲ್ಲಿ ಕಲ್ಲು ಹತ್ತಿದೆ. ಒಣ ಕಲ್ಲಿನ ಮೇಲೆ ಏನೂ ಆಗಲಿಲ್ಲ. ಹಾವಸೆ ಶುರುವಾದ ಕಡೆ ನಿಂತು ತಿರುಗಿ ನೋಡಿದೆ. ಕಾಯಿ ಮರೆತ ಅಂತ ಅಣ್ಣ ಯಾರಿಗೋ ಹೇಳುತ್ತಿದ್ದ. ಮಾವ ನನ್ನ ಕಾಲನ್ನೇ ನೋಡುತ್ತಿದ್ದ. ನಾನು ಮೊದಲ ಹೆಜ್ಜೆ ಇಟ್ಟೆ, ಎರಡನೆಯದು ಇಟ್ಟೆ. ಮೂರನೆಯದು ಇಡಲಿಲ್ಲ, ಕಲ್ಲೇ ನನ್ನ ಅಡಿಯಿಂದ ಎದ್ದು ಹೋಯಿತು.

ಜಾರುವ ಮೊದಲು ಕಾಲು ಏನೂ ಹೇಳಲಿಲ್ಲ.

ಬಾಯಿ ಕಲ್ಲಿಗೆ ಬಡಿಯಿತು. ತೆರೆ ಬಂದು ಮೈ ಮೇಲೆ ಹರಿದು ಹೋಯಿತು. ಕಿವಿಯ ನೀರು ಇಳಿದಾಗ ಮೊದಲು ಕೇಳಿದ್ದು ನಗು. ದಂಡೆಯಲ್ಲಿದ್ದವರು ಹೊಟ್ಟೆ ಹಿಡಿದು ನಗುತ್ತಿದ್ದರು. ನಾನು ಮಾವ ಬಿದ್ದದ್ದನ್ನು ಬಿದ್ದು ತೋರಿಸುತ್ತಿದ್ದೇನೆಂದು ಅವರು ತಿಳಿದಿದ್ದರು. ಹಾಗೇ ಬಿದ್ದ, ಥೇಟು ಹಾಗೇ, ಎಂದು ಅಣ್ಣ ಕಣ್ಣು ಒರೆಸಿಕೊಳ್ಳುತ್ತ ಹೇಳಿದ. ಅವನು ಕಣ್ಣಾರೆ ನೋಡಿದವನು, ಅವನ ಮಾತಿಗೆ ಬೆಲೆ ಇತ್ತು. ನಗದವನು ಒಬ್ಬನೇ. ಮಾವ ಕೋಲು ಬಿಸಾಡಿ, ಕೂತು, ಕೈಯೂರಿಕೊಂಡು, ಬರಿಗಾಲಲ್ಲಿ, ಸೊಟ್ಟಗಾಲಲ್ಲಿ, ಅಂಬೆಗಾಲಿಡುವ ಕೂಸಿನ ಹಾಗೆ ಆ ಹಾವಸೆಯ ಮೇಲೆ ನನ್ನ ಕಡೆ ಬರುತ್ತಿದ್ದ. ನಗು ಒಬ್ಬೊಬ್ಬರದಾಗಿ ನಿಂತಿತು.

ಅವನು ನನ್ನ ಬಾಯಿ ನೋಡಲಿಲ್ಲ, ಮುಂದಿನ ಹಲ್ಲು ಹೋಗಿ ರಕ್ತ ಸುರಿಯುತ್ತಿದ್ದರೂ. ನನ್ನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡ. ಕಾಲ್ಕಟ್ಟಿನ ಅಡಿಯ ಮೇಲೆ ಕೆಸುವಿನ ಎಲೆಯ ಮೇಲಿನ ಹಾಗೆ ನೀರು ಹನಿಹನಿಯಾಗಿ ಕೂತಿತ್ತು. ಹೆಬ್ಬೆರಳಿನಿಂದ ಉಜ್ಜಿದ. ಮೂಗಿಗೆ ಹಿಡಿದ. ತುಂಬ ಹೊತ್ತು ಹಿಡಿದುಕೊಂಡೇ ಇದ್ದ.

“ಎಷ್ಟು ಸಲ ಹಚ್ಚಿದ್ದೆ?”

“ಮೂರು.”

“ದೋಣಿಗೂ ಎರಡೇ ಸಲ ಹಚ್ಚೂದು,” ಎಂದ ಮಾವ. ಮುಖ ಕಡಲಿನ ಕಡೆ ತಿರುಗಿಸಿ, ತನ್ನ ಮುರಿದು ಕೂಡಿದ ಕಾಲನ್ನು ಕೈಯಿಂದ ಮೆಲ್ಲಗೆ ಸವರಿದ. ಸುಮ್ಮನೆ ಬೈಸಿಕೊಂಡ ಮಗುವನ್ನು ಸಮಾಧಾನ ಮಾಡುವ ಹಾಗೆ.

ಆಮೇಲೆ ಸೊಂಟದ ಕತ್ತಿ ತೆಗೆದು ನನ್ನ ಕಾಲ್ಕಟ್ಟಿನ ಬಾಲಗಳನ್ನು ಕೊಯ್ದ. ಇಬ್ಬರೂ ಬರಿಗಾಲಲ್ಲಿ, ಒಬ್ಬರನ್ನೊಬ್ಬರು ಹಿಡಿದುಕೊಂಡು ದಂಡೆಗೆ ಬಂದೆವು. ಕಾಯಿ ಮರಳಿನ ಮೇಲೇ ಇತ್ತು. ಮಾವ ಅದನ್ನು ಎತ್ತಿ ಅತ್ತೆಯ ಕೈಗಿಟ್ಟು, ಇವತ್ತು ಸಾರಿಗೆ ಹಾಕು, ಸಿಪ್ಪೆ ಮಾತ್ರ ಇವನಿಗೆ ಕೊಡು ಎಂದ. ಅಣ್ಣ ತನ್ನ ಗಾಳ ಎತ್ತಿಕೊಂಡು ತನ್ನ ನಿಲುವಿಗೆ ಹೋದ, ಮಾವನ ನಿಲುವಿಗೆ ಕಾಲಿಡದೆ ಸುತ್ತುಬಳಸಿ.

ಸಿಪ್ಪೆಯನ್ನು ಹಿನ್ನೀರಿನ ಕೆಸರಲ್ಲಿ ಹೂತು ಕಲ್ಲು ಹೇರಿದೆ. ಅದು ಕೊಳೆತು ನಾರಾಗಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಬೇರೆ ಹುರಿಯಲ್ಲಿ ಕೆಲಸ ನಡೆಯಬೇಕಿತ್ತು. ಆದರೆ ಹಳೆಯ ಅಳತೆ ನಡೆಯುವಂತಿರಲಿಲ್ಲ. ಮಾವನ ಬಲಗಾಲು ಈಗ ಬೇರೆಯೇ ಕಾಲು. ಯಾವ ಕಡೆ ಎಷ್ಟು ಭಾರ ಬೀಳುತ್ತದೆಂದು ಅವನಿಗೆ ಹೇಳಲು ಬರುತ್ತಿರಲಿಲ್ಲ. ತನ್ನ ನಡಿಗೆಯನ್ನು ತಾನೇ ನೋಡುವವರು ಯಾರು? ಎರಡು ಜೊತೆ ಹೆಣೆದು ಕೆಡಿಸಿದ ಮೇಲೆ ಒಂದು ಮಧ್ಯಾಹ್ನ ಅವನು ಜಗಲಿಯಲ್ಲಿ ಕೂತವನು ಹೇಳಿದ:

“ನಡೆದು ತೋರ್ಸು. ನನ್ನ ಹಂಗೆ.”

ಊರಿನಲ್ಲಿ ನಾನು ನಡೆಯದ ನಡಿಗೆ ಅದೊಂದೇ ಆಗಿತ್ತು. ಕೇರಿಯ ಹುಡುಗರು ಎಷ್ಟು ಸಲ ಕೇಳಿದ್ದರೂ ತೋರಿಸಿರಲಿಲ್ಲ. ಅತ್ತೆ ಎದ್ದು ಒಳಗೆ ಹೋದಳು. ನಾನು ಹೊಸ ಕಾಲ್ಕಟ್ಟು ಕಟ್ಟಿಕೊಂಡು ಅಂಗಳದಲ್ಲಿ ಬೂದಿ ಚೆಲ್ಲಿ, ಪಾದವನ್ನು ಹೊರಗೆ ತಿರುಗಿಸಿ, ಅಂಚಿನ ಮೇಲೆ ಭಾರ ಬಿಟ್ಟು, ಒಂದು ಕ್ಷಣ ನಿಂತು, ಮತ್ತೆ ಇನ್ನೊಂದು ಕಾಲಿಟ್ಟೆ. ಅಂಗಳದ ಆ ತುದಿಯಿಂದ ಈ ತುದಿಗೆ. ಒಂದು ಹೆಜ್ಜೆಯನ್ನೂ ಹೆಚ್ಚು ಮಾಡಲಿಲ್ಲ, ಕಡಿಮೆ ಮಾಡಲಿಲ್ಲ. ನಗಿಸುವುದಕ್ಕಲ್ಲದೆ ನಾನು ಯಾರ ನಡಿಗೆಯನ್ನಾದರೂ ನಡೆದದ್ದು ಅದೇ ಮೊದಲು. ಮಾವ ಗಲ್ಲಕ್ಕೆ ಕೈಯೂರಿ ನೋಡಿದ. ತನ್ನನ್ನೇ ದೂರದಿಂದ ಬರುವಾಗ ನೋಡಿದ ಹಾಗೆ. ಆಮೇಲೆ ಇಳಿದು ಬಂದು ಬೂದಿಯ ಮೇಲಿನ ಗುರುತನ್ನು ಬೆರಳಿಂದ ಮುಟ್ಟಿ, ಹೊರಗಿನ ಅಂಚಿಗೆ ಎರಡು ಎಳೆ ಹೆಚ್ಚು ಹಾಕು, ಗಂಟು ಒತ್ತೊತ್ತಾಗಿ ಬರಲಿ ಎಂದ.

ಸಂಕ್ರಾಂತಿ ಕಳೆದ ವಾರ ಅವನು ತನ್ನ ನಿಲುವಿನಲ್ಲಿ ನಿಂತ. ಮೊದಲ ದಿನ ಮೀನು ಸಿಗಲಿಲ್ಲ. ಅದನ್ನು ಅವನು ಲೆಕ್ಕಕ್ಕೂ ಇಟ್ಟುಕೊಳ್ಳಲಿಲ್ಲ.

ಇದಾಗಿ ಮೂರು ವರ್ಷವಾಯಿತು. ನನಗೀಗ ಇಪ್ಪತ್ತೆರಡು, ಮುಂದಿನ ಹಲ್ಲಿಲ್ಲ. ಮಾಸ್ತರರ ದನಿ ತೆಗೆದರೆ ನಡುವೆ ಗಾಳಿ ಶಿಳ್ಳೆ ಹೊಡೆಯುತ್ತದೆ, ಅವರೇ ನಗುತ್ತಾರೆ. ಊರಿನವರ ಲೆಕ್ಕದಲ್ಲಿ ಆ ಹುಣ್ಣಿಮೆಯ ಬೆಳಿಗ್ಗೆ ನಾನು ಬಿದ್ದದ್ದು ನನ್ನ ಅತ್ಯುತ್ತಮ ಅನುಕರಣೆ, ಹಲ್ಲು ಹೋದರೂ ಬಿಡಲಿಲ್ಲ ನೋಡು ಎನ್ನುತ್ತಾರೆ. ಮಾವ ಅವರನ್ನು ತಿದ್ದಲಿಲ್ಲ. ಬೈಯಲೂ ಇಲ್ಲ ನನ್ನನ್ನು, ಅವತ್ತಿನಿಂದ ಇವತ್ತಿನವರೆಗೆ. ಹದಿನೈದು ದಿನಕ್ಕೊಮ್ಮೆ ಹೊಸ ಜೊತೆ ಹೆಣೆದು, ಬಡಿದು, ನೆನೆಸಿ ಅವನ ಕೈಗೆ ಕೊಡುತ್ತೇನೆ. ಅವನು ತೆಗೆದುಕೊಂಡು, ಕಟ್ಟುವ ಮೊದಲು ಒಂದೊಂದನ್ನೇ ಮೂಗಿನ ಹತ್ತಿರ ಹಿಡಿದು ಮೂಸುತ್ತಾನೆ. ಅವನು ಕಟ್ಟಿಕೊಳ್ಳಲು ಕಾಲು ಚಾಚುವವರೆಗೆ ನಿಂತಿರುತ್ತೇನೆ.